ಖಜಾಂಚಿಯ ಎಡಗೈ

ಸುಗ್ಗಿ ಆರಾಧನೆ ಮುಗಿದು ಎರಡು ಗಂಟೆಯಾಯಿತು.
ಕೋಲಾರದ ಬಿಸಿಲು ಚರ್ಚಿನ ಹೆಂಚಿನಿಂದಿಳಿದು
ವೆಸ್ಟ್ರಿ ಕಿಟಕಿಯಲ್ಲಿ ನಿಂತಿದೆ, ಒಳಗೆ ಬರಲೋ ಬೇಡವೋ ಎಂದು.
ಮೇಜಿನ ಮೇಲೆ ನೋಟು, ನೋಟಿನ ಮೇಲೆ ಕಲ್ಲು,
ಮೇಜಿನ ಕೆಳಗೆ ಕುಂಬಳಕಾಯಿ.

ಇವತ್ತು ಇದು ಐದು ಸಲ ಮಾರಿಹೋಯಿತು.

ಮೊದಲು ಕೂಗಿದವರು ಲೇಔಟಿನ ಜಯಶೀಲ ಐಸಾಕ್, ಮೂರು ಸಾವಿರ.
"ವಾಪಸ್ ದೇವರಿಗೇ" ಎಂದು ಅಲ್ಲೇ ಇಟ್ಟರು. ಚಪ್ಪಾಳೆ.
ಏಳಕ್ಕೆ ಕೂಗಿದರು ಅವರ ಷಡ್ಡಕ;
ಕೂಗಿದ್ದು ಕುಂಬಳಕ್ಕಲ್ಲ, ಜಯಶೀಲರಿಗೆ.
ಟೊಮೇಟೊ ಮಂಡಿಯ ಮನೋಹರ ಸೈಲಸ್,
ಒಂದು ಆಷಾಢದಲ್ಲಿ ಬಾಕ್ಸಿಗೆ ಎರಡು ಸಾವಿರ ಕಂಡವರು,
ಕಣ್ಣು ಮುಚ್ಚಿ ಹನ್ನೊಂದು ಎಂದರು.
ಭಕ್ತಿಯೋ ಭಯವೋ ಅವರಿಗೇ ತಿಳಿಯದು:
ರೇಟು ಏರಿಸಿದವನು ಇಳಿಸಲೂ ಬಲ್ಲ.
ನರಸಾಪುರದ ಹೊಲ ಕಂಪನಿಗೆ ಕೊಟ್ಟ ಎಲಿಜಮ್ಮ
ತೀರಿಕೊಂಡ ಗಂಡನ ಹೆಸರನ್ನು
ಇನ್ನೊಮ್ಮೆ ಮೈಕಿನಲ್ಲಿ ಕೇಳುವ ಆಸೆಗೆ
ಹದಿನೈದು.
ಊಟ ಆರುತ್ತಿದೆಯೆಂದು ಯುವಕರ ಸಂಘ
ಐದಕ್ಕೆ ಮುಗಿಸಿತು.

ಒಟ್ಟು ನಲವತ್ತೊಂದು ಸಾವಿರ.
ಯಾರೂ ಮನೆಗೆ ಒಯ್ಯಲಿಲ್ಲ.

ನನ್ನ ಬಲಗೈ ರಸೀದಿ ಬರೆಯುತ್ತದೆ.
ಪುಸ್ತಕ ಜಾರದಂತೆ ಎಡಗೈ ಒತ್ತಿ ಹಿಡಿಯುತ್ತದೆ.
ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ
ಎಂದು ಅಯ್ಯನವರು ಬೆಳಿಗ್ಗೆ ಓದಿದರು.
ಹತ್ತೊಂಬತ್ತು ವರ್ಷದಿಂದ ಈ ಸಭೆಯ ಎಡಗೈ ನಾನೇ.
ತಟ್ಟೆಗೆ ಯಾವ ನೋಟು ಅಂಗೈಯಗಲ ಬಿಚ್ಚಿ ಬೀಳುತ್ತದೆ,
ಯಾವುದು ನಾಚಿ ನಾಲ್ಕು ಮಡಿಕೆಯಾಗುತ್ತದೆ,
ಮಗನ ಮೆಡಿಕಲ್ ಸೀಟಿನ ಮೇಲೆ ಯಾವ ಕವರು ದಪ್ಪವಾಯಿತು,
ಫ್ಯಾನಿನ ರೆಕ್ಕೆಗೆ ಹೆಸರು ಬರೆಸಿದ ಮೇಲೆ ಯಾವುದು ಬಡವಾಯಿತು,
ಎಲ್ಲ ಗೊತ್ತು.

ತಿಂಗಳಿಗೊಂದು ಹೆಸರಿಲ್ಲದ ಕವರೂ ಬರುತ್ತದೆ. ಐನೂರು.
"ಯಾರೋ ಪುಣ್ಯಾತ್ಮರು" ಎನ್ನುತ್ತದೆ ಕಮಿಟಿ.
ನಾನು ತಲೆ ತಗ್ಗಿಸಿ ಲೆಕ್ಕ ನೋಡುತ್ತೇನೆ.
ಆ ಒಂದು ಮಾತಿಗೆ ಮೂವತ್ತು ದಿನ ಕಾದಿರುತ್ತೇನೆ.
ಗಾದೆಯ ಕಳ್ಳನ ಹೆಗಲಿಗೆ ಬೂದಿ ಹತ್ತಿತ್ತಂತೆ.
ಇದು ಸಿಹಿಗುಂಬಳ, ಬೂದಿಯಿಲ್ಲ.
ಆದರೂ ಒಮ್ಮೆ ಹೆಗಲು ಒರೆಸಿಕೊಂಡೆ.

ಆಗ ಬಾಗಿಲಲ್ಲಿ ಸುವಾರ್ತಮ್ಮ,
ಆಸ್ಪತ್ರೆ ಆಯಾ, ಡ್ಯೂಟಿ ಸೀರೆಯಲ್ಲೇ.
ಹರಾಜಿಗೆ ನಿಲ್ಲಲು ರಜೆ ಸಿಕ್ಕಿರಲಿಲ್ಲ.
ಬಚ್ಚಲ ನೀರು ಕುಡಿದು ತಗಡಿನ ಸೂರಿಗೆ ಹಬ್ಬಿದ ಬಳ್ಳಿ ಅವಳದು.
ಬೆಳಕು ಹರಿಯುವಾಗ ಇದನ್ನು
ಕೂಸಿನಂತೆ ಸೊಂಟದ ಮೇಲೆ ತಂದಿಟ್ಟು ಓಡಿದ್ದಳು.

ನಲವತ್ತೊಂದು ಸಾವಿರ ಎಂದೆ.
ಹಿಗ್ಗಲಿ ಎಂದು ಇನ್ನೊಮ್ಮೆ ಎಂದೆ.
"ಅದಿರ್ಲಿ ಸಾರ್. ಯಾರ ಮನೇಲಿ ಬೇಯ್ತು?
ಬೀಜ ಎಸೀಬೇಡಿ ಅಂತ ಹೇಳಿ, ಒಳ್ಳೆ ಜಾತಿ."

ಕಾಲಿನಿಂದ ಅದನ್ನು ಮೆಲ್ಲಗೆ ಗೋಡೆಗೆ ತಳ್ಳಿದೆ.
"ದೊಡ್ಡ ಮನೆಯವರು ಒಯ್ದರಮ್ಮ."
"ಹುಳಿ ಬೇಡ, ಪಲ್ಯ ಚೆನ್ನ" ಎಂದು ಹೋದಳು.

ಸಂಜೆ ಸ್ಕೂಟರಿನ ಕಾಲಡಿಯಿಟ್ಟು ಮನೆಗೆ ತಂದೆ.
ಒಳಗೆ ಕೆಂಡದ ಬಣ್ಣ.
ಒಂದು ಹೋಳು ಪಕ್ಕದ ಮನೆಗೆ, ಒಂದು ಹಾಲಿನವನಿಗೆ,
ಯಾರದು ಎಂದು ಕೇಳಿದವರಿಗೆ
ಸುವಾರ್ತಮ್ಮನದು ಎಂದೆ, ಗಂಟಲು ಸ್ವಲ್ಪ ಕಟ್ಟಿತು.

ರದ್ದಾದ ರಸೀದಿಯ ಮೇಲೆ ಬೀಜ ಹರವಿ
ಅಭ್ಯಾಸಬಲದಿಂದ ಎಣಿಸತೊಡಗಿದ್ದೆ;
ಹೆಂಡತಿ ಬಂದು ಎಡಗೈ ಮೇಲೆ
ಒಂದೇಟು ಕೊಟ್ಟಳು.