ವಿಳಂಬ ನೋಂದಣಿ

ವಾರದ ಐದು ದಿನ ನಾನು ಪಂಚಾಯತಿನಲ್ಲಿ
ಹುಟ್ಟು ಬರೆಯುತ್ತೇನೆ. ಮಲಯಾಳದ ಫಾರಮ್ಮಿನಲ್ಲಿ
ಕನ್ನಡದ ಹೆಸರು: ಒತ್ತು ಜಾರುತ್ತದೆ, ದೀರ್ಘ ಬೀಳುತ್ತದೆ,
ತಂದೆಯಂದಿರು ತಿದ್ದಿಸಲು ಬರುತ್ತಾರೆ.

ಭಾನುವಾರ ಶಿರಿಯದ ಅಳಿವೆ.
ಇಳಿತದ ಹೊತ್ತಿಗೆ ಮೊಯ್ದುವಿನ ದೋಣಿ
ಮರಳದಿಬ್ಬಕ್ಕೆ ಮೂಗು ಒರಸಿ ನಿಲ್ಲುತ್ತದೆ.
ಜುಮೈಲಾ ಮುಕ್ಕಾಲಿ ಊರಿ, ದುರ್ಬೀನು ಏರಿಸಿ
"ನೋಡಿ ಸಾರ್, ಬಾಗುಕೊಕ್ಕಿನ ಉಲ್ಲಂಕಿ" ಎನ್ನುತ್ತಾಳೆ.
ಮೊಯ್ದುವಿಗೆ ಅವೆಲ್ಲ ಮಣಲ್‌ಕೋಳಿ.
ನನಗೆ ಮೊದಲ ವರ್ಷ ಬರೀ ಕೆಸರು, ಓಡಾಡುವ ಕೆಸರು.

ಈಗ ಗೊತ್ತು. ದೊಡ್ಡವು ಬೂದಿ ಬಣ್ಣ, ಸವೆದ ರೆಕ್ಕೆ.
ಈ ವರ್ಷದ ಮರಿಗೆ ಬೆನ್ನ ತುಂಬ
ಒಂದೊಂದು ಗರಿಗೂ ತಿಳಿಯಾದ ಅಂಚು,
ಬೂತಾಯಿಯ ಹುರುಪೆ ಜೋಡಿಸಿಟ್ಟ ಹಾಗೆ,
ಶಾಲೆಯ ಮೊದಲ ದಿನದ ಇಸ್ತ್ರಿ ಇನ್ನೂ ಮುರಿಯದೆ.
ಅಪ್ಪ ಅಮ್ಮ ಮುಂಚೆಯೇ ಹೊರಟುಬಿಟ್ಟವರು.
ಸೈಬೀರಿಯದಿಂದ ಶಿರಿಯದವರೆಗೆ ಇವು
ದಾರಿ ಕೇಳಿದ್ದು ಯಾರನ್ನು?

ಇಪ್ಪತ್ತೊಂದು ದಿನ ದಾಟಿದರೆ ನಮ್ಮಲ್ಲಿ ವಿಳಂಬ ನೋಂದಣಿ.
ಇವು ಮೂರು ತಿಂಗಳು ತಡ. ಸಾಕ್ಷಿಗೆ
ಗರಿಯಂಚು ಒಂದೇ, ಅದೂ ಚಳಿಗಾಲದೊಳಗೆ ಸವೆಯುತ್ತದೆ.

ನೂರಕ್ಕೆ ಎಷ್ಟು ಮರಿ, ಅದೊಂದೇ ಲೆಕ್ಕ.
ಧ್ರುವದ ಬಯಲಿನ ಬೇಸಗೆ ಹೇಗಿತ್ತೆಂದು
ಅದರಲ್ಲೇ ತಿಳಿಯುತ್ತದಂತೆ. ಅಲ್ಲಿ ಲೆಮ್ಮಿಂಗ್ ಎಂಬ ಇಲಿ;
ಇಲಿ ಹೆಚ್ಚಿದ ವರ್ಷ ನರಿಯ ಹೊಟ್ಟೆ ತುಂಬಿ ಗೂಡು ಉಳಿಯುತ್ತದೆ.
ಇಲಿ ಇಲ್ಲದ ವರ್ಷ ನರಿ ಮೂಸುತ್ತ ಮೂಸುತ್ತ...
"ಅಂದ್ರೆ ನಾವು ಇಲ್ಲಿ ಎಣಿಸುವುದು ಇಲಿಯನ್ನಾ?"
ಮೊಯ್ದು ಬೀಡಿ ಹಚ್ಚಿ ನಕ್ಕ.
ಜುಮೈಲಾ ನಗಲಿಲ್ಲ. "ಹೌದು ಮೊಯ್ದಿಚ್ಚ, ಅದನ್ನೂ."

ಕಳೆದ ಸಲ ನೂರಕ್ಕೆ ಹದಿನೆಂಟು.
ಈ ಸಲ ಅರ್ಧ ಎಣಿಸುವಾಗ ಗರುಡ ಎರಗಿ ಹಿಂಡು ಎದ್ದಿತು,
ಒಂದೇ ಹೊರಳಿಗೆ ಬೆಳ್ಳಗೆ ಮಿಂಚಿ
ಮತ್ತೆ ಕೆಸರಾಗಿ ಕೂತಿತು.
ಮತ್ತೆ ಮೊದಲಿಂದ. ಇನ್ನೂರ ಹನ್ನೆರಡು.
ಮರಿ ಮೂರು.

ಸತ್ತು ಹುಟ್ಟಿದ ಮಗುವಿಗೆ ನನ್ನಲ್ಲಿ ಬೇರೆ ಫಾರಂ ಉಂಟು,
ಹೆಸರಿನ ಅಂಕಣ ಇಲ್ಲದ್ದು. ತುಂಬುವಾಗ
ಕಿಟಕಿಯಾಚೆ ನಿಂತವರ ಮುಖ ನೋಡುವುದಿಲ್ಲ ನಾನು.
ಒಡೆದ ಮೊಟ್ಟೆಗೆ ಅದೂ ಇಲ್ಲ.

ಏಪ್ರಿಲಿನಲ್ಲಿ ದೊಡ್ಡವು ಹೊಟ್ಟೆಗೆ ಇಟ್ಟಿಗೆಗೆಂಪು ಬಳಿದುಕೊಂಡು
ಉತ್ತರಕ್ಕೆ ಹೋದವು. ಮರಿಗಳು ಮೊದಲ ವರ್ಷ ಹೋಗುವುದಿಲ್ಲ,
ಉಳಿದರೆ ಇಲ್ಲೇ ಮಳೆ ಕಳೆಯುತ್ತವೆ.

ಜೂನ್. ಅಳಿವೆ ಒಡೆದು ನೀರು ಕೆಂಪಾಗಿತ್ತು.
ಮೊಯ್ದುವಿನ ಫೋನು, ಗಾಳಿಯ ಸದ್ದಿನೊಳಗಿಂದ:
"ಎರಡುಂಟು. ಇನ್ನೊಂದು ಕಾಣ್ತಾ ಇಲ್ಲ ಮಾರಾಯ್ರೆ,
ದಿಬ್ಬದ ಆಚೆ ಬದಿಗೆ ಇರಬಹುದು. ಈಗಲೇ ಬರ್ಕೊಳ್ಬೇಡಿ."

ಎದುರಿಗೆ ಒಬ್ಬಳು ಬಾಣಂತಿ, ಕೊಡೆಯ ನೀರು ನೆಲಕ್ಕೆ ಸೋರುತ್ತಿತ್ತು.
"ಹೆಸರು ಇನ್ನೂ ಇಟ್ಟಿಲ್ಲ ಸಾರ್. ಆಮೇಲೆ ಸೇರಿಸಲಿಕ್ಕೆ ಆಗ್ತದಾ?"

ಆಗ್ತದೆ, ಎಂದೆ. ವರ್ಷದೊಳಗೆ ಬಂದರೆ
ಶುಲ್ಕವಿಲ್ಲ.