ಪ್ರಶ್ನೆ ಹದಿನಾಲ್ಕು

ಎರ್ಜುರುಮ್‌ನಲ್ಲಿ ಜನವರಿ. ಕಿಟಕಿಯ ಹೊರಗೆ
ಹಿಮ ಗೋರುವ ಸಲಿಕೆಯ ಸದ್ದು.
ಒಳಗೆ ನಾನು, ಹೀಟರು, ಮುನ್ನೂರ ಹನ್ನೆರಡು ನಮೂನೆ.
ಹೆಸರಿಲ್ಲ. ತಲೆಗೊಂದು ಸಂಖ್ಯೆ,
ವಾಕ್ಯಕ್ಕೆ ಐದು ಚೌಕ.

'ನಾನು ಜನರ ನಡುವೆ ಅರಳುತ್ತೇನೆ.'
'ಹಿಡಿದ ಕೆಲಸ ಮುಗಿಸಿಯೇ ಏಳುತ್ತೇನೆ.'
'ನಾನು ಬೇಗ ಕಳವಳಪಡುತ್ತೇನೆ.' ಇದು ಹದಿನಾಲ್ಕನೆಯದು.
ಕೊನೆಯ ಪುಟದಲ್ಲಿ, ಏನೂ ಅರಿಯದ ಹಾಗೆ:
'ಒಟ್ಟಾರೆ ನನ್ನ ಬಾಳು ನನಗೆ ಒಪ್ಪಿಗೆ.'

ನೂರ ನಾಲ್ಕನೆಯವ ಮಾತಿನ ಮಲ್ಲ. ಐದು, ಐದು, ಐದು.
ಹಾಸ್ಟೆಲಿನ ಬಾಗಿಲುಗಳನ್ನೆಲ್ಲ ಬಡಿದು
ನಡುರಾತ್ರಿ ಹಿಮದುಂಡೆಯಾಟಕ್ಕೆ ಎಳೆದೊಯ್ಯುವವನಿರಬೇಕು.
ಬಾಳಿಗೆ ಮಾತ್ರ ಎರಡು ಹಾಕಿದ್ದಾನೆ,
ಪೆನ್ನು ಒತ್ತದೆ, ಯಾರೋ ನೋಡುತ್ತಿರುವ ಹಾಗೆ.

ಇನ್ನೂರ ಅರವತ್ತನೆಯವಳು ಯಾರೊಂದಿಗೂ ಬೆರೆಯಳು: ಒಂದು.
ಬಾಳಿಗೆ ಐದು. ಅಂಚಿನಲ್ಲಿ ಪುಟ್ಟದೊಂದು ಬೆಕ್ಕು,
ಮೀಸೆ ಒಂದೇ ಕಡೆ.

ಪ್ರೊಫೆಸರ್ ನೆಜಾತ್ ಗೆರೆ ತೋರಿಸುತ್ತಾರೆ:
ಕಳವಳ ಏರಿದಂತೆ ನೆಮ್ಮದಿ ಇಳಿಯುತ್ತದೆ.
ಗೆರೆ ಸುಳ್ಳಲ್ಲ.
ಊರ ನೆತ್ತಿಯ ಪಾಲಂಡೊಕೆನ್ ಇಳಿಜಾರಿನಷ್ಟೇ ನಿಜ.
ಆದರೆ ಅಲ್ಲಿ ಒಬ್ಬ ಜಾರಿ ಬೀಳುತ್ತಾನೆ,
ಇನ್ನೊಬ್ಬ ಜಾರಲೆಂದೇ ಹಲಗೆ ಹೊತ್ತು ಹತ್ತುತ್ತಾನೆ.
'ಸಾಲು ಬಿಟ್ಟ ಚುಕ್ಕಿಗಳಿಗೆ ಮನಸೋಲಬೇಡ, ಮ್ಯುನಿರೆ' ಅನ್ನುತ್ತಾರೆ.

ಪರೀಕ್ಷಿಸಲೆಂದು ನಾನೂ ಎರಡು ಸಲ ತುಂಬಿದ್ದೆ.
ಸೋಮವಾರದ ಮ್ಯುನಿರೆ, ಶುಕ್ರವಾರದ ಮ್ಯುನಿರೆ
ಒಬ್ಬರಿಗೊಬ್ಬರು ಗುರುತು ಹತ್ತಲಿಲ್ಲ.

ಈಗ ನೂರ ಎಂಬತ್ತೊಂಬತ್ತು.
ಹದಿನಾಲ್ಕಕ್ಕೆ ನಾಲ್ಕು ಹಾಕಿ, ಅಳಿಸಿ,
ಎರಡು ಹಾಕಿ, ಅಳಿಸಿ,
ಮತ್ತೆ ನಾಲ್ಕು. ಕಾಗದ ಸವೆದು ತೂತು.
ಪಕ್ಕದಲ್ಲಿ ಇರುವೆಯಂಥ ಅಕ್ಷರ:
'ಯಾವಾಗ? ಅಮ್ಮನ ಫೋನು ಬರುವ ಮೊದಲೋ, ಆಮೇಲೋ?'

ತೂತಿಗೆ ಕಂಪ್ಯೂಟರಿನಲ್ಲಿ ಅಂಕಿಯಿಲ್ಲ.
ಖಾಲಿ ಬಿಡು, ಅನ್ನುತ್ತದೆ ನಿಯಮ.
ಬೆಳಕಿಗೆ ಹಿಡಿದೆ. ತೂತಿನಾಚೆ
ಸಲಿಕೆಯ ಮುದುಕ ಬೆನ್ನು ನೆಟ್ಟಗೆ ಮಾಡಿ
ತಾನು ಬಿಡಿಸಿದ ದಾರಿಯನ್ನು ನೋಡುತ್ತಿದ್ದ.
ಅದರ ಮೇಲೆ ಆಗಲೇ ಹೊಸ ಹಿಮ.

ಸಂಜೆ ಕ್ಯಾಂಟೀನಿನಲ್ಲಿ, ಈ ಊರ ರೂಢಿಯಂತೆ,
ಸಕ್ಕರೆಯ ಗಟ್ಟಿ ಹಲ್ಲಲ್ಲಿ ಕಚ್ಚಿ ಬಿಸಿ ಚಹಾ ಹೀರುತ್ತೇವೆ.
ಕೆಲವರದು ಮೊದಲ ಗುಟುಕಿಗೇ ಕರಗುತ್ತದೆ,
ಕೆಲವರದು ಎರಡನೆಯ ಲೋಟಕ್ಕೂ ಒದಗುತ್ತದೆ.
ಎದುರಿನ ಹುಡುಗಿ ಫೋನು ನೋಡುತ್ತಾಳೆ, ಮಗುಚಿಡುತ್ತಾಳೆ,
ಮತ್ತೆ ಎತ್ತಿ ನೋಡುತ್ತಾಳೆ.

ನಾನು ಕೇಳುವುದಿಲ್ಲ. ಕೇಳುವಂತಿಲ್ಲ.
ಸಕ್ಕರೆ ಬಟ್ಟಲನ್ನು ತುಸು
ಅವಳ ಕಡೆ ಸರಿಸುತ್ತೇನೆ.