ಬರೀ ಕಾಗದ

ಹಗಲು ಹಿದ್ದ್ ಯಾರ್ಡಿನಲ್ಲಿ ಹದಿನಾರು ಮಿಲ್ಲಿಯ ಉಕ್ಕು,
ರಾತ್ರಿ ಹದಿನಾಲ್ಕನೇ ರೂಮಿನ ಕೆಳಮಂಚದಲ್ಲಿ
ನೂರಾ ಅರವತ್ತು ಗ್ರಾಮಿನ ಕಾಗದ.
ಎರಡಕ್ಕೂ ಗೀರು ಬೇಕು, ಅಂಚಿಗೆ ಅಂಚು ಕೂಡಬೇಕು.
ಉಕ್ಕು ತಪ್ಪಿದರೆ ಫೋರ್‌ಮನ್ ಬಯ್ಯುತ್ತಾನೆ.
ಕಾಗದ ತಪ್ಪಿದರೆ ರೋಡೆಲ್
ಮಾತೇ ಆಡದೆ ಇನ್ನೊಂದು ಹಾಳೆ ಕೊಡುತ್ತಾನೆ.
ಬೈಗುಳವೇ ವಾಸಿ.

ಮೊದಲ ತಿಂಗಳೆಲ್ಲ ಒಂದೇ ಡಬ್ಬಿ.
ಆರು ಮುಖ, ಏಳು ಕಿವಿ,
ಕಿವಿಗೆ ಹಲ್ಲುಕಡ್ಡಿಯ ತುದಿಯಷ್ಟೇ ಅಂಟು.
ನಾನು ಕಟ್ಟಿದವೆಲ್ಲ ಜ್ವರ ಬಂದವರ ಹಾಗೆ ಒಂದೇ ಬದಿಗೆ ವಾಲಿದವು.
ಶೊಫಿಕ್ ಒಂದರಲ್ಲಿ ಏಲಕ್ಕಿ ತುಂಬಿಟ್ಟ.

ಕಾಗದಕ್ಕೂ ನಾರುಂಟು, ನಾರಿಗೆ ದಿಕ್ಕುಂಟು.
ಅದರ ಜೊತೆ ಹೋದರೆ ಬಾಗುತ್ತದೆ, ಅಡ್ಡ ಹೋದರೆ ಸುಕ್ಕು.
ಮಡಿಸುವ ಮುಂಚೆ ಮಸಿ ಮುಗಿದ ಪೆನ್ನಿನಿಂದ ಗೆರೆ ಎಳಿ,
ಕತ್ತರಿಸಿದ ಬಿಳಿ ಅಂಚಿಗೆ ಪೆನ್ಸಿಲ್ ತಿಕ್ಕು,
ಅಂಟಿಸಿ ಹಿಡಿ, ಮೂವತ್ತು ಎಣಿಸು.
ಅವನು ಇಸಾ, ದಲವಾ, ತತ್ಲೋ.
ನಾನು ಒಂದ್, ಎರಡ್, ಮೂರ್.
ಇಪ್ಪತ್ತರ ಹತ್ತಿರ ನನ್ನ ಬೆರಳು ಸಡಿಲುತ್ತಿತ್ತು,
ಅವನದು ಐವತ್ತಾದರೂ ಇಲ್ಲ.

‘ಬರೀ ಕಾಗದ’ ಅನ್ನುವುದು ಅವನ ಶಾಸ್ತ್ರ.
ಕಿಟಕಿಗೆ ಪ್ಲಾಸ್ಟಿಕ್ಕಿಲ್ಲ, ಹಗ್ಗಕ್ಕೆ ನೂಲಿಲ್ಲ,
ಸರಪಳಿಯ ಕೊಂಡಿಯೂ ಕಾಗದ,
ಹನ್ನೆರಡು ಕೊಂಡಿಗೆ ಒಂದಿಡೀ ಶುಕ್ರವಾರ.
ನಮ್ಮಲ್ಲಿ ಮಡಿ ಅಂದರೆ ಎರಡರ್ಥ ಮಾರಾಯ,
ಎಂದು ಅವನಿಗೆ ತಿಳಿಸಲು ಹೋಗಿ
ನನ್ನ ಇಂಗ್ಲಿಷ್ ಸಾಲದೆ ಬಿಟ್ಟೆ.

ನನಗೆ ಕಟ್ಟಬೇಕಿದ್ದದ್ದು ಮಂಜಿ.
ಗಂಗೊಳ್ಳಿಯಿಂದ ಹಂಚು ಹೇರಿ ಈ ದಡಕ್ಕೇ ಬರುತ್ತಿತ್ತಂತೆ.
ನಾನು ಕಂಡದ್ದು ಹೊಳೆಯ ಕೆಸರಲ್ಲಿ ಹೂತ ಒಂದು ಪಕ್ಕೆ, ಅಷ್ಟೇ.
ಅದರ ನಕ್ಷೆ ಯಾರಲ್ಲೂ ಇಲ್ಲ. ನಾನೇ ಗೀಚಿದೆ.
ಸಿಮೆಂಟು ಚೀಲ ತೊಳೆದು, ಒಣಗಿಸಿ, ಮೂರು ಪದರ ಒತ್ತಿದೆ,
ಹಲಗೆಯ ಬಣ್ಣ ತಾನಾಗಿ ಬಂತು.

ಆಗಸ್ಟಿನಲ್ಲಿ ಎ.ಸಿ. ಕೆಟ್ಟಿತು. ಮೂರು ರಾತ್ರಿ
ಗೋಡೆ ಬೆವರಿತು, ನಾವು ಬೆವರಿದೆವು.
ನಾಲ್ಕನೆಯ ಬೆಳಗ್ಗೆ ಕೂವೆಮರ
ಒದ್ದೆ ಬತ್ತಿಯ ಹಾಗೆ ತಲೆ ತಗ್ಗಿಸಿತ್ತು.
ರೋಡೆಲ್ ಶಿಫ್ಟಿಗೆ ಹೋದದ್ದೇ
ಮೆಸ್ಸಿನಿಂದ ಕಬಾಬಿನ ಬಿದಿರುಕಡ್ಡಿ ತಂದು ಒಳಗೆ ತುರುಕಿದೆ.
ಒಮ್ಮೆ ಮೈಲಿಗೆಯಾದ ಮೇಲೆ ಇನ್ನೇನು!
ಟೀ ಬ್ಯಾಗಿನ ದಾರ ಹಗ್ಗವಾಯಿತು,
ವೆಲ್ಡಿಂಗ್ ಕೇಬಲಿನ ತಾಮ್ರದೆಳೆ ಲಂಗರು,
ಗೇಟಿನ ಬಳಿಯ ಖರ್ಜೂರದ ಮರ ಬಿಚ್ಚಿಕೊಟ್ಟ
ನಾರಿನ ಜಾಲರಿ, ಬಲೆ.
ಹಾಲಿನ ಬಣ್ಣದ ಅಂಟು ತಾಮ್ರವನ್ನು ಹಿಡಿಯದು,
ತಾಮ್ರ ಹಿಡಿಯುವ ಅಂಟು ಕಾಗದವನ್ನು ಗಾಜು ಮಾಡುತ್ತದೆ.
ನಡುವೆ ಒಂದು ಸುತ್ತು ನೂಲಿದ್ದರೆ ಇಬ್ಬರೂ ಒಪ್ಪುತ್ತಾರೆ.
ಇದನ್ನು ಯಾರೂ ಕಲಿಸಲಿಲ್ಲ,
ಬೆರಳ ತುದಿಯ ಚರ್ಮ ಎರಡು ಸಲ ಕಿತ್ತು ಬಂದ ಮೇಲೆ ಗೊತ್ತಾಯಿತು.

ಸಂಜೆ ರೋಡೆಲ್ ಕೂವೆಮರವನ್ನು ಉಗುರಲ್ಲಿ ತಟ್ಟಿದ.
ಟಕ್ ಅಂತು. ಕಾಗದ ಟಕ್ ಅನ್ನುವುದಿಲ್ಲ.
‘ನೈಸ್’ ಅಂದ.
ಮೇಲ್ಮಂಚ ಹತ್ತಿ ಗೋಡೆಗೆ ಮುಖ ಮಾಡಿ ಮಲಗಿದ.

ನವೆಂಬರಿನಲ್ಲಿ ಅವನಿಗೆ ಕತಾರಿನ ಕಂಪನಿ ಸಿಕ್ಕಿತು.
ಹೊರಡುವಾಗ ತನ್ನ ದೀಪಸ್ತಂಭ ನನ್ನ ಮಂಚದ ಮೇಲಿಟ್ಟ.
ಹನ್ನೊಂದು ತಿಂಗಳ ಕೆಲಸ,
ನೇರಕ್ಕೆ ನಿಂತದ್ದು, ಎ.ಸಿ. ಗಾಳಿಗೂ ಅಲುಗದ್ದು.

ಕಳೆದ ವಾರ ಧೂಳು ಒರೆಸಲು ಎತ್ತಿದರೆ
ಬುಡದೊಳಗೆ ಏನೋ ಜರುಗಿತು.
ಕಿವಿಗಿಟ್ಟು ಅಲ್ಲಾಡಿಸಿದೆ.
ನಟ್ಟು. ನಮ್ಮ ಯಾರ್ಡಿನದೇ, ದೊಡ್ಡದು.
ಹಗಲೆಲ್ಲ ಕೇಳುವ ಸದ್ದು, ತಪ್ಪುವುದುಂಟೆ?
ಹಾಲಿನ ಅಂಟಿನಲ್ಲಿ ಕೂರಿಸಿದ್ದಾನೆ, ಬಿಟ್ಟುಕೊಂಡಿದೆ.
ಕಬ್ಬಿಣಕ್ಕೆ ಅದು ಆಗದು ಎಂದು
ಪಾಪ, ಅವನಿಗೆ ಗೊತ್ತಿರಲಿಲ್ಲ.

ಬುಡ ಬಿಚ್ಚಬಹುದಿತ್ತು.
ಒಂದು ಸುತ್ತು ನೂಲು, ಒಂದು ಹನಿ, ಮೂವತ್ತರವರೆಗೆ ಎಣಿಕೆ.
ಬಿಚ್ಚಲಿಲ್ಲ.
ಈರುಳ್ಳಿ ಹೆಚ್ಚುತ್ತಿದ್ದ ಶೊಫಿಕ್ ಕೇಳಿದ,
ಒಳಗೆ ಏನದು ಸದ್ದು?
ಬರೀ ಕಾಗದ, ಅಂದೆ.